ಸೋರುತ್ತಿದ್ದ ನಲ್ಲಿ

ಏಪ್ರಿಲ್ 24, ಶುಕ್ರವಾರ

ಆ ಮರ ಕಣ್ಣ ಮುಂದಿನಿಂದ ಹೋಗ್ತಾನೇ ಇಲ್ಲ.

ಆರು ತಿಂಗಳ ಹಿಂದೆ ಮಸೀದಿಯಲ್ಲಿ ಗುರುಗಳು ಹೇಳಿದ್ರು, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯೋ ವುಜೂನ ಹರಿಯೋ ಹೊಳೆ ದಡದಲ್ಲಿ ಕೂತು ಮಾಡಿದ್ರೂ ನೀರು ಪೋಲು ಮಾಡಬಾರದು ಅಂತ. ನಲ್ಲಿ ರಿಪೇರಿಯವನು ನಾನು, ನನಗೇ ಹೇಳಿದ ಹಾಗಾಯ್ತು. ಮಾರನೇ ದಿನವೇ ಕೈಕಾಲು ತೊಳೆಯೋ ಕಡೆ ಕೊನೇ ನಲ್ಲಿಗೆ ಹೊಸ ವಾಷರ್ ಹಾಕಿದೆ. ವರ್ಷಗಟ್ಟಲೆ ಸೋರುತ್ತಿದ್ದದ್ದು ನಿಂತಿತು. ಎಲ್ಲರೂ ಹೊಗಳಿದ್ರು, ನಾನೂ ಉಬ್ಬಿದೆ.

ಇವತ್ತು ಅಂಗಿ ತರೋಕೆ ಮಸೀದಿ ಹಿಂದಿನ ಬೀದಿಗೆ ಹೋದ್ರೆ, ಇಸ್ತ್ರಿ ಅಜ್ಜಿ ಸುಡು ಬಿಸಿಲಲ್ಲಿ ನಿಂತಿದ್ದಾಳೆ. ತಲೆ ಮೇಲಿನ ಮರ ಅರ್ಧ ಬೋಳು.

"ಮರಕ್ಕೆ ಏನಾಯ್ತು ಅಜ್ಜಿ?"

"ನಿಮ್ಮ ಮಸೀದಿ ನಲ್ಲಿ ಸೋರೋದು ನಿಂತೋಯ್ತಲ್ಲಪ್ಪ. ಗೋಡೆ ಸಂದಿಯಿಂದ ಬರ್ತಿದ್ದ ನೀರೇ ಇದಕ್ಕೆ ಗತಿಯಾಗಿತ್ತು. ಯಾವನೋ ಪುಣ್ಯಾತ್ಮ ರಿಪೇರಿ ಮಾಡಿದಾನೆ."

ಆ ಪುಣ್ಯಾತ್ಮ ನಾನೇ ಅಂತ ಹೇಳದೆ, ಅಂಗಿ ಇಸ್ಕೊಂಡು ಸೀದಾ ಮಸೀದಿಗೆ ನಡೆದೆ.

ಗುರುಗಳಿಗೆ ಹೇಳಿದೆ. "ಮರಕ್ಕೂ ಹಕ್ಕಿದೆ ಅನ್ನೋದನ್ನ ಅವತ್ತೇ ಹೇಳಬೇಕಿತ್ತು, ಮರೆತೆ" ಅಂದ್ರು. ಆಮೇಲೆ ಅವರೊಂದು ಬಕೆಟ್, ನಾನೊಂದು ಬಕೆಟ್ ಹೊತ್ತು ಬುಡಕ್ಕೆ ಸುರಿದೆವು. ಅಜ್ಜಿ ಇಸ್ತ್ರಿ ನಿಲ್ಲಿಸಿ ನೋಡಿದಳು. ಆ ಪುಣ್ಯಾತ್ಮ ಯಾರು ಅಂತ ಅವಳಿಗೆ ಗೊತ್ತಾಗಿರಬೇಕು.

ನಾಳೆ ಪೈಪು ಹಾಕಬೇಕು. ನಾವು ತೊಳೆದ ನೀರೆಲ್ಲ ಚರಂಡಿ ಸೇರೋ ಬದಲು ಮರಕ್ಕೆ ಹೋಗಲಿ. ಸೋಪಿಲ್ಲದ ನೀರು, ತೊಂದರೆಯಿಲ್ಲ.

ಚಿಗುರುತ್ತೋ ಇಲ್ವೋ. ಚಿಗುರೋ ತನಕ ಮಾತ್ರ, ಮುಖ ತೊಳೆಯೋವಾಗ ನಾನು ಒಂದು ಬೊಗಸೆ ಜಾಸ್ತಿನೇ ಸುರಿಯೋನು. ಯಾಕೆ ಪೋಲು ಮಾಡಿದೆ ಅಂತ ದೇವರು ಕೇಳಿದ್ರೆ, ಬಿಸಿಲಲ್ಲಿ ನಿಂತ ಅಜ್ಜಿ ಕಡೆ ಕೈ ತೋರಿಸ್ತೀನಿ.