ಕಪಾಟಿಗೆ ಅಂಟಿದ್ದ ಅಯಸ್ಕಾಂತ

ಹಾಸ್ಟೆಲ್, ಹದಿನಾಲ್ಕನೇ ತಾರೀಖು
ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಅಜ್ಜ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೇನೆ. ಇಂಟರ್ನಲ್ಸ್ ಇತ್ತು ಎನ್ನುವುದು ಅರ್ಧ ನಿಜ. ಬರೆಯಲು ಕೂತು ನಾಲ್ಕು ಹಾಳೆ ಹರಿದೆ ಎನ್ನುವುದು ಪೂರ್ತಿ ನಿಜ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳ ಕನ್ನಡ, ಒತ್ತು ದೀರ್ಘ ನೀನೇ ಸರಿಮಾಡಿಕೊಂಡು ಓದು.

ಈಗ ಮೂರು ದಿಂಬಿಗೆ ಒರಗಿಯೇ ಮಲಗುತ್ತೀಯಂತೆ. ಕಾಲಿನ ಊತ ಮೊಣಕಾಲಿಗೆ ಏರಿದೆಯಂತೆ. ಅಮ್ಮ ಫೋನಿನಲ್ಲಿ "ಅಜ್ಜ ಫಸ್ಟ್ ಕ್ಲಾಸಾಗಿದಾರೆ ಕಣೇ" ಎಂದಳು. ಹಿಂದೆಯೇ ಮೂಗೊರೆಸಿಕೊಂಡ ಸದ್ದೂ ಕೇಳಿಸಿತು.

ನಮಗೆ ಈಗ ವಾರಕ್ಕೆರಡು ದಿನ ಹೃದಯದ ಕ್ಲಿನಿಕ್ಕಿನಲ್ಲಿ ನಿಂತು ಕಲಿಯುವ ಕೆಲಸ. ನಿನ್ನ ಎದೆಯೊಳಗೆ ಕೂರಿಸಿರುವಂಥ, ಬಡಿತ ಕಾಯುವ ಡಬ್ಬಿಗಳನ್ನು ಪರೀಕ್ಷಿಸುವುದು ಅಲ್ಲೇ. ಮಂಗಳವಾರ ವಾರ್ಡಿನ ನರ್ಸ್ ನಮಗೆ ಕಲಿಸುವ ಮೇಡಂ ಹತ್ತಿರ ಓಡಿಬಂದರು. "ಮೇಡಂ, ಹನ್ನೆರಡನೇ ಬೆಡ್ಡು! ಹೊಡೀತಾನೇ ಇದೆ!"

ಅಲ್ಲಿದ್ದವರು ಒಬ್ಬ ಮುದುಕ ದರ್ಜಿ. ಇನ್ನೇನೂ ಮಾಡುವುದು ಬೇಡ, ನೆಮ್ಮದಿಯಾಗಿ ಹೋಗಲಿ ಎಂದು ಮನೆಯವರೂ ಡಾಕ್ಟರೂ ತೀರ್ಮಾನಿಸಿದ್ದರು. ಡ್ರಿಪ್ ನಿಲ್ಲಿಸಿದ್ದರು, ಮಾನಿಟರ್ ನಿಲ್ಲಿಸಿದ್ದರು. ಅವರ ಎದೆಯೊಳಗಿನ ಡಬ್ಬಿಯ ನೆನಪು ಮಾತ್ರ ಯಾರಿಗೂ ಬರಲಿಲ್ಲ. ಕೊನೆಗಾಲದಲ್ಲಿ ಎದೆಬಡಿತ ತಪ್ಪಿದಾಗಲೆಲ್ಲ ಅದು ತನ್ನ ಕೆಲಸ ಮಾಡುತ್ತಿತ್ತು, ಶಾಕ್ ಕೊಡುತ್ತಿತ್ತು. ಅವರ ಮೈ ಹಾಸಿಗೆಯಿಂದ ಎಗರುತ್ತಿತ್ತು.

ಎದೆಯ ಮೇಲೆ ಅಯಸ್ಕಾಂತ ಇಟ್ಟರೆ ಶಾಕ್ ನಿಲ್ಲುತ್ತದೆ. ಮೇಡಂ ಡ್ರಾಯರ್ ಎಳೆದರು, ಖಾಲಿ. "ಎಲ್ಲೇ ಅದು?" ನನಗೆ ಗೊತ್ತಿತ್ತು. ಡ್ಯೂಟಿ ಪಟ್ಟಿ ಜಾರಿ ಬೀಳುತ್ತದೆಂದು ಅದನ್ನು ನಮ್ಮ ವಿದ್ಯಾರ್ಥಿಗಳ ಕೋಣೆಯ ಉಕ್ಕಿನ ಕಪಾಟಿಗೆ ಅಂಟಿಸಿದ್ದವಳು ನಾನೇ. ಮೇಲಿನ ಮಹಡಿಗೆ ಓಡಿ ತರುವಷ್ಟರಲ್ಲಿ ಇನ್ನೂ ಮೂರು ಸಲ ಹೊಡೆಯಿತು. ಕೈ ಹಿಡಿದು ಕೂತಿದ್ದ ಹೆಂಡತಿ, "ಇಷ್ಟು ವರ್ಷ ಬದುಕಿಸಿದ್ದು ಇದೇ ಅಲ್ವೇನಮ್ಮ? ಈಗ್ಯಾಕೆ ಹಿಂಗೆ ಹೊಡೀತಿದೆ?" ಎಂದು ನನ್ನನ್ನೇ ಕೇಳಿದರು. ಅಯಸ್ಕಾಂತ ಇಟ್ಟ ಮೇಲೆ ಹತ್ತೇ ನಿಮಿಷ, ಹೋಗಿಬಿಟ್ಟರು.

"ಚೀಟಿ ಅಂಟಿಸೋಕೆ ಗಮ್ಮು ಸಿಗ್ಲಿಲ್ವೇನೇ ಮಹಾತಾಯಿ ನಿಂಗೆ?" ಎಂದು ಮೇಡಂ ಬೈದರು. ನಾನು ಮೂಲೆಯಲ್ಲಿ ಅಳುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತರು. "ತಪ್ಪು ನಿಂದೊಂದೇ ಅಲ್ಲ. ಅವರಿಗೆ ಮಾತಾಡೋ ಶಕ್ತಿ ಇದ್ದಾಗ್ಲೇ ನಾವು ಕೇಳ್ಬೇಕಿತ್ತು."

ಅದಕ್ಕೇ ಕೇಳುತ್ತಿದ್ದೇನೆ ಅಜ್ಜ. ನಿನ್ನ ಡಬ್ಬಿ ತಾನಾಗಿ ಸುಮ್ಮನಾಗುತ್ತದೆ ಎಂದು ನೀನು ನಂಬಿದ್ದೀಯ. ಆಗುವುದಿಲ್ಲ. ಆದರೆ ಅದರ ಶಾಕ್ ಕೊಡುವ ಕೆಲಸವನ್ನು ಮಾತ್ರ ಮೊದಲೇ ನಿಲ್ಲಿಸಬಹುದು. ಅಂಗಿಯ ಮೇಲಿಂದಲೇ, ಐದು ನಿಮಿಷ. ಕುಯ್ಯುವುದಿಲ್ಲ, ನೋಯುವುದಿಲ್ಲ, ನಿಲ್ಲಿಸಿದ ಕೂಡಲೇ ಜೀವ ಹೋಗುವುದೂ ಇಲ್ಲ. ಬಡಿತ ಕೆಟ್ಟರೆ ಮತ್ತೆ ಎಬ್ಬಿಸುವುದಿಲ್ಲ, ಅಷ್ಟೇ. ಅದು ಸಣ್ಣ ಮಾತಲ್ಲ, ನನಗೆ ಗೊತ್ತು. ಬೇಕೋ ಬೇಡವೋ ನೀನೇ ಹೇಳಬೇಕು.

ಅಮ್ಮನಿಗೆ ಹೇಳಿದೆ. "ಬಾಯ್ಮುಚ್ಚೇ, ಈಗ್ಲೇ ಕಳಿಸಿಬಿಡ್ತೀಯಾ ಅವರನ್ನ?" ಎಂದು ಫೋನ್ ಇಟ್ಟಳು. ಆದರೂ ಗುರುವಾರಕ್ಕೆ ನಿನ್ನ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಿದ್ದೇನೆ. ಬುಧವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಅಮ್ಮ ಬೈದರೆ ನನ್ನ ಪರವಾಗಿ ಒಂದು ಮಾತಾಡು.

ಕೋಪ ಬಂದರೂ ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ
ಪುಕ್ಕಲಿ

ಮ.ವಿ.: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ರಜೆಯಲ್ಲಿ ನಿನ್ನನ್ನು ತೋರಿಸಲು ಹೋದಾಗ ಆ ಡಾಕ್ಟರಿಗೆ ಕನ್ನಡ ಬರದು, ನಿನಗೆ ಇಂಗ್ಲಿಷ್ ಬರದು, ಮಧ್ಯೆ ನಾನು. "ನಾನು ಹೊರಡೋ ಹೊತ್ತಿಗೆ ಇದು ಸುಮ್ನಿರುತ್ತಾ, ಕೇಳೇ" ಎಂದೆ ನೀನು. ಆ ಪ್ರಶ್ನೆ ನನ್ನ ಬಾಯಿಂದ ಹೊರಡಲಿಲ್ಲ ಅಜ್ಜ. ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಎಂದು ಕೇಳಿದೆ. ಅವರು ಏಳು ವರ್ಷ ಎಂದರು. ನಾನು ನಿನ್ನ ಕಡೆ ತಿರುಗಿ, "ಸುಮ್ನಿರುತ್ತಂತೆ" ಎಂದೆ. ನೀನು "ಸದ್ಯ" ಎಂದು ನಕ್ಕು ಅಂಗಿಯ ಗುಂಡಿ ಹಾಕಿಕೊಂಡೆ.