ಗಂಟು ಕಟ್ಟದ ಬೇರು

ಗುರುವಾರ, ಮಾರ್ಚ್ ೧೪

ಅತಿ ಜಾಣ ತಮ್ಮನಿಗೆ,

ಕ್ಷೇಮಸಮಾಚಾರ ಆಮೇಲೆ, ಮೊದಲು ಬೈಗುಳ.

ನಿನ್ನ ಗುಡ್ಡದ ಹುಲ್ಲುಗಾವಲಿನಲ್ಲಿ ನನ್ನ ಹೊಸ ಮೇವಿನ ತಳಿಯನ್ನು ಪರೀಕ್ಷೆಗೆಂದು ಬಿತ್ತಿದಾಗ ಒಂದೇ ಮಾತು ಹೇಳಿದ್ದೆ: ಏನೂ ಮಾಡಬೇಡ. ಹಸು ಮೇಯಲಿ, ಚಳಿ ಹೊಡೆಯಲಿ, ಸಾಯುವುದು ಸಾಯಲಿ. ಅದು ಹುರುಳಿ, ಅಲಸಂದೆಯ ಬಳಗದ ಗಿಡ ಕಣೋ. ಬೇರಿನಲ್ಲಿ ಪುಟ್ಟ ಪುಟ್ಟ ಗಂಟು ಕಟ್ಟಿಕೊಂಡು ಗಾಳಿಯಿಂದಲೇ ತನ್ನ ಗೊಬ್ಬರ ತಾನೇ ಮಾಡಿಕೊಳ್ಳುತ್ತದೆ, ಪಕ್ಕದ ಹುಲ್ಲಿಗೂ ಕೊಡುತ್ತದೆ. ಗೊಬ್ಬರದ ಚೀಲ ಹೊತ್ತು ಗುಡ್ಡ ಹತ್ತುವ ನಿನ್ನಂಥವರ ಬೆನ್ನು ಉಳಿಯಲಿ ಅಂತಲೇ ಹನ್ನೊಂದು ವರ್ಷ ಹೂವಿಂದ ಹೂವಿಗೆ ಪರಾಗ ಮುಟ್ಟಿಸುತ್ತಾ ಕೂತವಳು ನಾನು.

ನೀನು ಅದಕ್ಕೇ ಯೂರಿಯಾ ಹಾಕಿದೆಯಲ್ಲೋ!

ನಿನ್ನೆ ನೀನಿಲ್ಲದ ಹೊತ್ತು ನೋಡಿ ಬಂದು ಬೇರು ಅಗೆದು ತೊಳೆದೆ. ಒಂದೂ ಗಂಟಿಲ್ಲ. ಕೂತಲ್ಲಿಗೇ ಊಟ ಬಂದರೆ ಯಾರು ದುಡಿಯುತ್ತಾರೆ? ನೀರು ಕೊಡಲು ಬಂದ ನಿನ್ನ ಹೆಂಡತಿಯೇ ಬಾಯಿ ಬಿಟ್ಟಳು. ತಳಿ ಒಪ್ಪೋ ಸಮಿತಿಯವರು ನೋಡೋಕೆ ಬರ್ತಾರೆ, ಗಿಡ ಬಡಕಲಾಗಿದೆ, ಅಕ್ಕನ ಮಾನ ಹೋಗುತ್ತೆ ಅಂತ ಸಮಿತಿ ಬರೋ ತಿಂಗಳು ಮುಂಚಿಂದಲೇ ಹಾಕ್ತಿದ್ರು ಅಂದಳು. ಯಾವ ಸಾಲಿಗೆ ಎಂದು ಕೇಳಿದರೆ, ಭೇದ ಮಾಡಬಾರದೆಂದು ಎಲ್ಲದಕ್ಕೂ ಸಮನಾಗಿ ಹಾಕಿದ್ದೀಯಂತೆ. ಹೋಲಿಸಿ ನೋಡಲು ಗೊಬ್ಬರ ಸೋಕದ ಒಂದು ಸಾಲೂ ಉಳಿಯಲಿಲ್ಲ. ನಿನ್ನ ನ್ಯಾಯಕ್ಕಿಷ್ಟು ಬೆಂಕಿ ಹಾಕ!

ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ನನ್ನ ಕೆಲಸ. ಸಮಿತಿ ತಳಿಯನ್ನು ಒಪ್ಪಿ ಆಗಲೇ ಮೂರು ವಾರ. ಬರುವ ತಿಂಗಳು ಗುಡ್ಡಗಾಡಿನ ಇನ್ನೂರು ಮನೆಗೆ ಬೀಜ ಹೋಗುತ್ತದೆ. ಗೊಬ್ಬರವಿಲ್ಲದೆ ಅದು ಮೇಲೇಳುತ್ತದೋ ಇಲ್ಲವೋ, ಈಗ ನನಗೇ ಗೊತ್ತಿಲ್ಲ. ಅವರ ಹಸುಗಳು ಉಪವಾಸ ಬಿದ್ದರೆ ಯಾರು ಹೊಣೆ? ಒಪ್ಪಿಗೆ ರದ್ದಾದರೆ ಮತ್ತೆ ಮೂರು ವರ್ಷದ ಪರೀಕ್ಷೆ. ನನ್ನ ನಿವೃತ್ತಿಗೆ ಉಳಿದಿರುವುದು ಎರಡೇ ವರ್ಷ.

ನೀನು ಕೇಡು ಬಯಸಿ ಮಾಡಿದ್ದರೆ ಬೈಯುವುದು ಎಷ್ಟು ಸುಲಭವಾಗುತ್ತಿತ್ತು! ನನ್ನ ಮಾನ ಕಾಯಲು ಬೆಟ್ಟಕ್ಕೆ ಚೀಲ ಹೊತ್ತಿದ್ದೀಯ. ಅದನ್ನು ನೆನೆದರೆ ಅಳು ಬರುತ್ತದೆ, ಅದರ ಹಿಂದೆಯೇ ಕೋಪವೂ ಬರುತ್ತದೆ.

ಇಂತಿ,
ಸಿಟ್ಟು ಇನ್ನೂ ಇಳಿಯದ
ನಿನ್ನ ಅಕ್ಕ

ತಾ.ಕ.: ಸಮಿತಿಯವರು ಬಂದ ದಿನ ಗಿಡದ ಬುಡದಲ್ಲಿ ಯೂರಿಯಾದ ಬಿಳಿ ಕಾಳು ನನ್ನ ಕಣ್ಣಿಗೆ ಬಿದ್ದಿತ್ತು. ಅವರು ಎಲೆ ಹೊಗಳುತ್ತಿದ್ದರು, ನಾನು ಕಾಲಿಂದ ಮಣ್ಣು ಸರಿಸಿ ಮುಚ್ಚಿದೆ. ಸೋಮವಾರ ಸಮಿತಿಯವರ ಹತ್ತಿರ ಹೋಗಿ ಎಲ್ಲ ಹೇಳಿಬಿಡಬೇಕು. ನೀನೂ ಬಾ. ತಪ್ಪನ್ನು ನಿನ್ನ ತಲೆಗೆ ಕಟ್ಟುವುದಕ್ಕಲ್ಲ. ಒಬ್ಬಳೇ ಹೋದರೆ ಮತ್ತೆ ಮುಚ್ಚಿಟ್ಟು ಬಂದುಬಿಡುತ್ತೇನೇನೋ ಅಂತ ಭಯ.