ಮೇಣ ತುಂಬಿದ ಸೀಟಿ

ಚೆಂಡುಗಳ ಕೋಣೆ,
ಮಂಗಳವಾರ, ಮಧ್ಯಾಹ್ನ

ಮಗಳೇ,

ಮೊದಲು ‘ಕೋತಿಮರಿ’ ಎಂದೇ ಬರೆದಿದ್ದೆ. ಒಂಬತ್ತು ವರ್ಷದಿಂದ ಆ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ಕಾಗದದಲ್ಲಿ ಕರೆದರೆ ಓಗೊಡುತ್ತೀಯೋ ಇಲ್ಲವೋ ಎಂದು ಆ ಹಾಳೆ ಹರಿದು ಹೊಸದು ತೆಗೆದೆ. ಅಕ್ಷರ ವಾಲಿದ್ದರೆ ಬೈಯಬೇಡ. ಬಲಗೈ ಕಿರುಬೆರಳು ಈಗ ಪೂರ್ತಿ ಸೊಟ್ಟಗಾಗಿದೆ. ಚೆಂಡಿನ ಮಾತು ಕೇಳಿದ ಬೆರಳು ಪೆನ್ನಿನ ಮಾತು ಕೇಳುತ್ತದೆಯೇ?

ತಿಂಗಳ ಮೊದಲ ಭಾನುವಾರ ನೀನು ತಪ್ಪದೆ ಫೋನು ಮಾಡುತ್ತೀಯ. ಊಟ ಆಯ್ತಾ ಎನ್ನುತ್ತೀಯ, ಆಯ್ತು ಎನ್ನುತ್ತೇನೆ. ಮಾತ್ರೆ ತಗೊಂಡ್ಯಾ ಎನ್ನುತ್ತೀಯ, ತಗೊಂಡೆ ಎನ್ನುತ್ತೇನೆ. ಆಮೇಲೆ ಇಬ್ಬರ ಉಸಿರಾಟ ಮಾತ್ರ ಕೇಳಿಸುತ್ತದೆ. ಅಷ್ಟು ಕೇಳುವುದಕ್ಕೇ ಅವತ್ತು ಬೆಳಿಗ್ಗೆಯಿಂದ ಫೋನಿನ ಪಕ್ಕ ಕೂತಿರುತ್ತೇನೆ. ಅದರಲ್ಲಿ ಹೇಳಲಾಗದ್ದಕ್ಕೆ ಈ ಕಾಗದ.

ಬರುವ ಭಾನುವಾರದ ಆಟ ಮುಗಿದರೆ ನನ್ನ ಕೆಲಸವೂ ಮುಗಿಯಿತು. ಹನ್ನೊಂದು ವರ್ಷ ನಾನೇ ಗೋಲಿನಲ್ಲಿ ನಿಂತೆ, ಆಮೇಲೆ ಇಪ್ಪತ್ತಾರು ವರ್ಷ ಕಾಲೇಜು ಹುಡುಗಿಯರಿಗೆ ಫುಟ್‌ಬಾಲ್ ಕಲಿಸಿದೆ. ಈಗ ಈ ಕೋಣೆ ಖಾಲಿ ಮಾಡುತ್ತಿದ್ದೇನೆ. ಗಾಳಿ ಹೋದ ಚೆಂಡುಗಳು, ಹಿಡಿ ಮುರಿದ ಪಂಪು, ಜೋಡಿ ತಪ್ಪಿದ ಗ್ಲೌಸುಗಳು. ವಿಚಿತ್ರ ನೋಡು, ಉಳಿದಿರುವುದೆಲ್ಲ ಎಡಗೈಯವೇ. ಬಲಗೈಯವು ಎಲ್ಲಿ ಹೋಗಿ ಸಂಸಾರ ಹೂಡಿವೆಯೋ.

ನಿನಗೆ ಅನ್ನ ಕಲಸಿ ತಿನ್ನಿಸುವಾಗ ಒಂದು ಕಥೆ ಹೇಳುತ್ತಿದ್ದೆ, ನೆನಪಿದೆಯಾ? ಒಂದೂರಲ್ಲಿ ಹನ್ನೊಂದು ಜನ ಅಕ್ಕತಂಗಿಯರು. ಹತ್ತು ಜನ ಬೇಟೆಗೆ ಹೋಗುವವರು, ಒಬ್ಬಳು ಬಾಗಿಲು ಕಾಯುವವಳು. ಬೇಟೆ ಸಿಕ್ಕಿದ ದಿನ ಹತ್ತು ಜನ ಅಲ್ಲೇ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುವರು, ಇವಳು ದೂರದಿಂದ ನೋಡಿ ಬಾಗಿಲ ಕಂಬವನ್ನು ತಬ್ಬಿಕೊಳ್ಳುವಳು. ನೀನು ಪ್ರತಿ ಸಲವೂ ಕೇಳುತ್ತಿದ್ದೆ: ಕಂಬಾನೂ ತಬ್ಕೊಳ್ತಿತ್ತಾ ಅಮ್ಮ? ನಾನು ಹೂಂ ಎನ್ನುತ್ತಿದ್ದೆ. ಸುಳ್ಳು. ಕಂಬ ತಣ್ಣಗಿರುತ್ತದೆ, ಅಷ್ಟೇ.

ಮೊನ್ನೆ ನಮ್ಮ ಈಗಿನ ಕೀಪರ್, ಕಡ್ಡಿ ಎಂದು ಕರೆಯುವ ಸಣಕಲು ಹುಡುಗಿ, ನನ್ನ ಕೊರಳಿನ ಸೀಟಿ ಕಿತ್ತುಕೊಂಡು ಊದಿದಳು. ಅವಳ ಕೆನ್ನೆ ಊದಿತೇ ಹೊರತು ಸೀಟಿ ಸದ್ದು ಮಾಡಲಿಲ್ಲ.

ಮೇಡಂ, ಇದರ ತುಂಬ ಮೇಣ ಇದೆ ಅಂದಳು. ಊದೋಕಲ್ಲ ಕಣೇ, ಕಚ್ಚೋಕೆ ಅಂದೆ. ಈ ವಯಸ್ಸಲ್ಲಿ ಹಲ್ಲು ಬರ್ತಿದ್ಯಾ ಮೇಡಂ ನಿಮಗೆ ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಮೇಣ ತುಂಬಿದವಳು ನಾನೇ. ಒಂಬತ್ತು ವರ್ಷದಿಂದ ಪ್ರತಿ ಆಟದಲ್ಲೂ ಶುರುವಿನಿಂದ ಕೊನೆಯವರೆಗೆ ಅದನ್ನು ಕಚ್ಚಿಕೊಂಡೇ ನಿಲ್ಲುತ್ತೇನೆ. ಹುಡುಗಿಯರು ಬೆನ್ನ ಹಿಂದೆ ಮೂಕಮ್ಮ ಎನ್ನುತ್ತಾರೆ. ಯಾಕೆಂದು ಅವರಿಗೆ ಗೊತ್ತಿಲ್ಲ. ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಇಷ್ಟು ವರ್ಷ ಹೇಳದೇ ಉಳಿದದ್ದೇ ಅದಲ್ಲವೇ.

ಒಂಬತ್ತು ವರ್ಷದ ಹಿಂದಿನ ಆ ಫೈನಲ್ ಮುಗಿಯಲು ನಾಲ್ಕು ನಿಮಿಷವಿತ್ತು, ಎರಡೂ ಕಡೆ ಸಮ. ಉದ್ದನೆಯ ಚೆಂಡೊಂದು ಪುಟಿಯುತ್ತ ಗೋಲಿನಲ್ಲಿದ್ದ ನಿನಗೂ ನಮ್ಮ ಡಿಫೆಂಡರ್ ಗೂಟಳಿಗೂ ನಡುವೆ ಬಂತು. ನಿನ್ನ ಮುಂದೆ ನೆಟ್ಟ ಹಾಗೆ ನಿಲ್ಲುತ್ತಿದ್ದಳೆಂದು ನೀನೇ ಅವಳಿಗೆ ಇಟ್ಟ ಹೆಸರು ಅದು. ನೀನು ‘ಹೊಡಿ’ ಎಂದು ಕೂಗಿದೆ. ಗೂಟ ಕಾಲೆತ್ತಿದಳು. ಅಷ್ಟರಲ್ಲಿ ಗೆರೆಯಾಚೆ ನಿಂತಿದ್ದ ನಾನು ‘ನಂದು’ ಎಂದು ಕಿರುಚಿದೆ. ನಂದು ಎಂದರೆ ಕೀಪರ್ ಬರುತ್ತಿದ್ದಾಳೆ, ಉಳಿದವರು ಚೆಂಡು ಬಿಡಬೇಕು. ಅದನ್ನು ಆ ಹುಡುಗಿಯರ ರಕ್ತಕ್ಕೆ ಇಳಿಸಿದವಳೂ ನಾನೇ. ಗೂಟ ಕಾಲಿಳಿಸಿದಳು. ಎದುರಿನ ತಂಡದವಳು ನಡುವೆ ನುಗ್ಗಿ ಚೆಂಡನ್ನು ಮೆಲ್ಲಗೆ ಗೋಲಿಗೆ ತಟ್ಟಿದಳು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಅಷ್ಟು ಗದ್ದಲದಲ್ಲಿ ನಿನ್ನ ಕೂಗು ನನಗೆ ಕೇಳಿಸಲಿಲ್ಲ. ಹಳೆಯ ಚಾಳಿ ನೋಡು, ಚೆಂಡು ಕಂಡರೆ ಬಾಯಿ ತಾನಾಗಿ ತೆರೆಯುತ್ತದೆ.

ನಮ್ಮಿಬ್ಬರ ದನಿ ಒಂದೇ. ಬದುಕಿದ್ದಾಗ ನಿನ್ನ ಅಪ್ಪನೇ ಫೋನಿನಲ್ಲಿ ಎಷ್ಟು ಸಲ ಮೋಸ ಹೋಗಿದ್ದರು. ಮೈದಾನದಲ್ಲಿದ್ದವರೆಲ್ಲ ಕೂಗಿದ್ದು ನೀನೇ ಎಂದುಕೊಂಡರು. ನಂದು ಅಂತ ಕೂಗಿ ಯಾಕೆ ನಿಂತ್ಬಿಟ್ಟೆ ಎಂದು ಗೂಟ ಅಳುತ್ತ ನಿನ್ನ ಅಂಗಿ ಹಿಡಿದು ಜಗ್ಗಿದಳು. ನೀನು ನನ್ನ ಕಡೆ ನೋಡಿದೆ. ನಾನು ನೀರಿನ ಬಾಟಲಿಗಳನ್ನು ಜೋಡಿಸುತ್ತಿದ್ದೆ.

ದೇಶದ ತಂಡಕ್ಕೆ ಆರಿಸಲು ಬಂದಿದ್ದ ಹಿರಿಯರು ನನ್ನ ಹತ್ತಿರ ಬಂದು, ಕೂಗಿ ಹೆದರಿಬಿಟ್ಟಳಲ್ವಾ ನಿಮ್ಮ ಹುಡುಗಿ ಅಂದರು. ಮಗಳೆಂದು ತಂಡಕ್ಕೆ ಹಾಕಿಕೊಂಡಳು ಎಂಬ ಮಾತನ್ನು ಮೂರು ವರ್ಷ ಕೇಳಿದ್ದೆ. ಈಗ ನಿನ್ನ ಪರ ಮಾತಾಡಿದರೆ ಯಾರು ನಂಬುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹೌದು, ಸ್ವಲ್ಪ ಹೆದರ್ತಾಳೆ ಅಂದೆ. ನೀನು ಎರಡು ಮಾರು ದೂರದಲ್ಲಿ ಗ್ಲೌಸಿನ ಪಟ್ಟಿ ಬಿಚ್ಚುತ್ತಿದ್ದೆ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ನೀನು ಜಗಳವಾಡಿದ್ದರೆ ಎಷ್ಟು ಚೆನ್ನಾಗಿತ್ತು. ಮಾರನೆಯ ದಿನ ಗ್ಲೌಸು ತೊಳೆದು ಹಗ್ಗದ ಮೇಲೆ ಹಾಕಿ ಹೋದೆ, ಒಣಗಿದ ಮೇಲೂ ತೆಗೆದುಕೊಳ್ಳಲು ಬರಲಿಲ್ಲ. ಈ ಕೋಣೆಯಲ್ಲಿ ಜೋಡಿ ತಪ್ಪದೆ ಉಳಿದಿರುವುದು ಅದೊಂದೇ.

ಭಾನುವಾರ ಆಟ ಮುಗಿದ ಮೇಲೆ ನನ್ನ ಕೈಗೆ ಮೈಕು ಕೊಡುತ್ತಾರಂತೆ. ಗೂಟ ಇಬ್ಬರು ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಆ ಹಿರಿಯರಿಗೂ ಬರಹೇಳಿದ್ದೇನೆ, ಈಗ ಕೋಲು ಹಿಡಿದು ನಡೆಯುತ್ತಾರೆ. ಎಲ್ಲರೆದುರು ಸೀಟಿ ತೋರಿಸಿ, ಅವತ್ತು ಕೂಗಿದವಳು ಯಾರೆಂದು ಹೇಳುತ್ತೇನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೂಡಿಸಲಾರೆ, ಒಡೆದವಳು ಯಾರೆಂದಾದರೂ ತಿಳಿಯಲಿ.

ಬರುವುದಾದರೆ ನಿನ್ನ ಹಳೆಯ ಜಾಗ, ಎಡಗಡೆಯ ಗೋಲಿನ ಹಿಂದೆ ನಿಂತಿರು. ನಾನು ಹುಡುಕಿಕೊಳ್ಳುತ್ತೇನೆ. ಬಾರದಿದ್ದರೂ ಹೇಳಿಯೇ ಹೇಳುತ್ತೇನೆ. ಮುಂದಿನ ತಿಂಗಳು ಫೋನು ಮಾಡುವುದನ್ನು ಮಾತ್ರ ಬಿಡಬೇಡ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಆ ಸಾಲು ನಂಬಬೇಡ. ನೀನು ‘ಹೊಡಿ’ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ನಿನಗೆ ತಿಳಿಯಲಿಲ್ಲ, ನಾನಾಗಿದ್ದರೆ ಮುಂದೆ ಬಂದು ಹಿಡಿಯುತ್ತಿದ್ದೆ ಅನ್ನಿಸಿತು, ಕೂಗಿದೆ. ಅಂದಿನಿಂದ ಮನಸ್ಸಿನಲ್ಲಿ ಆ ಚೆಂಡಿಗೆ ಸಾವಿರ ಸಲ ಓಡಿದ್ದೇನೆ, ಒಂದು ಸಲವೂ ತಲುಪಿಲ್ಲ. ಅದು ಹೊಡೆಯಬೇಕಾದ ಚೆಂಡೇ, ಕೋತಿಮರಿ.